ಲೋವೆಲನ ಇಪ್ಪತ್ತು ತೋಟಾ

ಸೆಪ್ಟೆಂಬರ್ 8, ಭಾನುವಾರ

ಮತ್ತೆ ಸಿಕ್ಕಿಹಾಕಿಕೊಂಡಿತು. ಮೂವತ್ತೊಂದನೆಯ ಕೊಳವೆ. ಅಚ್ಚಿನೊಳಗೆ ಹೋದದ್ದು ಹೊರಗೆ ಬರಲೊಲ್ಲದು. ತಪ್ಪು ನನ್ನದೇ, ಗ್ರೀಸ್ ಹಚ್ಚುವುದರಲ್ಲಿ ಜಿಪುಣತನ. ಕೊರೆದು, ಸ್ಕ್ರೂ ಹಾಕಿ ಎಳೆಯುವಷ್ಟರಲ್ಲಿ ಎರಡು ಗಂಟೆ ಹೋಯಿತು. ಹೆಬ್ಬೆರಳ ಚರ್ಮವೂ ಹೋಯಿತು.

ಹಾರಿಸಿದ ತೋಟಾದ ಖಾಲಿ ಕೊಳವೆಗೆ ಮನೆಯಲ್ಲೇ ಮತ್ತೆ ಮದ್ದು, ಗುಂಡು ತುಂಬುವುದು. ಇದನ್ನು ಹವ್ಯಾಸ ಅಂತಾರೆ. ಮನಸ್ಸಿಗೆ ನೆಮ್ಮದಿಯಂತೆ. ಹಾಗೆ ಹೇಳಿದವರನ್ನು ಕರೆತಂದು ಈ ಪ್ರೆಸ್ಸಿನ ಮುಂದೆ ಕೂರಿಸಬೇಕು.

ಮಂಡಿ ನೋವು ಬೇರೆ. ಈ ಸಲ ದೊಡ್ಡ ಕಡವೆಯಂಥ ಎಲ್ಕ್ ಬೇಟೆಗೆ ಬೆಟ್ಟ ಹತ್ತುವ ಮಾತೇ ಇಲ್ಲ ಅಂದಿದ್ದಾಳೆ ಡಾಕ್ಟರಮ್ಮ. ಸರಿ. ಹತ್ತಲಾಗದಿದ್ದರೆ ತುಂಬುವುದಾದರೂ ಇದೆ.

ಸೆಪ್ಟೆಂಬರ್ 12, ಗುರುವಾರ

ಗುರಿ ಮೈದಾನಕ್ಕೆ ಹೋಗಿದ್ದೆ. ಪಕ್ಕದ ಬೆಂಚಿನವನ ತೋಟಾ ಖಾಲಿಯಾಗಿತ್ತು. "ತಗೊಳ್ಳಪ್ಪಾ, ನನ್ನದೇ ಅಳತೆ, ಐದು ಹಾರಿಸು" ಅಂದೆ. ಹಾವು ಕಂಡವನ ಹಾಗೆ ಕೈ ಹಿಂದೆಳೆದ. "ಇಲ್ಲಮ್ಮಾ, ಬೇರೆಯವರು ಮನೇಲಿ ತುಂಬಿದ್ದು ನಾನು ಹಾರ್ಸಲ್ಲ. ಬೇಜಾರ್ ಮಾಡ್ಕೋಬೇಡಿ."

ಗೊತ್ತು. ಎಲ್ಲರಿಗೂ ಗೊತ್ತಿರುವ ಕಟ್ಟಳೆ. ತಾನು ತುಂಬಿದ್ದನ್ನು ತಾನೇ ಹಾರಿಸಬೇಕು. ನಾನೂ ಇನ್ನೊಬ್ಬರದ್ದು ಮುಟ್ಟುವುದಿಲ್ಲ. ಅಪರಿಚಿತ ಹಾಗೆ ಹೇಳಿದರೆ ಬೇಜಾರಿಲ್ಲ.

ತಮ್ಮ ಹಾಗೆ ಮಾಡಿದರೆ ಇದೆ. ವರ್ಷ ವರ್ಷ ಅವನ ಹುಟ್ಟುಹಬ್ಬಕ್ಕೆ ಒಂದು ಬಾಕ್ಸ್. ಇಪ್ಪತ್ತು ತೋಟಾ, ಒಂದೊಂದೂ ತೂಗಿದ್ದು. "ಅಕ್ಕಾ, ನಿನ್ನ ಕೈ ಅಂದ್ರೆ ಕೈ" ಅನ್ನುತ್ತಿದ್ದ ಲೋವೆಲ್. ಹೋದ ನವೆಂಬರ್‌ನಲ್ಲಿ ಹಬ್ಬದೂಟಕ್ಕೆ ಕುರ್ಚಿ ಸಾಲದೆ ಅವನ ನೆಲಮಾಳಿಗೆಗೆ ಇಳಿದೆ. ಬಣ್ಣದ ಡಬ್ಬಿಗಳ ಹಿಂದೆ ಹನ್ನೊಂದು ಬಾಕ್ಸ್. ನಾನು ಸುತ್ತಿದ ಟೇಪು ಹಾಗೇ ಇತ್ತು. ಒಂದನ್ನೂ ಬಿಚ್ಚಿಲ್ಲ.

ಕುರ್ಚಿ ಕೆಳಗಿಟ್ಟೆ. ಕೋಟು ಹಾಕಿಕೊಂಡೆ. ಸಿಹಿ ಪೈಯನ್ನೂ ತಿನ್ನದೆ ಮನೆಗೆ ಬಂದೆ. ಮೂವತ್ತೆರಡು ವರ್ಷ ಔಷಧಿ ಅಂಗಡಿಯಲ್ಲಿ ಮಾತ್ರೆ ಎಣಿಸಿದವಳು ನಾನು. ಇಡೀ ಊರು ನನ್ನ ಎಣಿಕೆ ನಂಬಿ ನುಂಗಿದೆ. ಒಡಹುಟ್ಟಿದವನಿಗೆ ನಂಬಿಕೆ ಇಲ್ಲ.

ಇನ್ನೂ ಉರಿಯುತ್ತದೆ.

ಸೆಪ್ಟೆಂಬರ್ 15, ಭಾನುವಾರ

ಲೋವೆಲ್ ಫೋನ್ ಮಾಡಿದ! ಮೇಜಿನ ಮುಂದೆ ಕೂತು ಚಿಕ್ಕ ಕೋವಿಯ ತೋಟಾ ತುಂಬುತ್ತಿದ್ದೆ, ಹೊಲದ ನೆಲ ಅಳಿಲಿಗೆ ಹೊಡೆಯುವಂಥದ್ದು. ಹತ್ತು ತಿಂಗಳಿಂದ ಹವಾಮಾನ ಬಿಟ್ಟು ಬೇರೆ ಮಾತಿಲ್ಲ ನಮ್ಮಿಬ್ಬರಲ್ಲಿ. ಈ ಹೊತ್ತು ನೇರವಾಗಿ ಬಂದ.

"ಅಕ್ಕಾ, ಎಷ್ಟು ದಿನಾಂತ ಮೂತಿ ಊದಿಸ್ಕೊಂಡಿರ್ತೀಯಾ?"

"ನನ್ನ ಮೂತಿ, ನನ್ನಿಷ್ಟ."

"ಆಯ್ತು ಮಾರಾಯ್ತಿ. ತಪ್ಪಾಯ್ತು. ಇನ್ನೊಬ್ರು ತುಂಬಿದ್ದು ಹಾರಿಸ್ಬೇಡ ಅಂತ ಅಪ್ಪ ಹೇಳಿದ್ದು ತಲೇಲಿ ಕೂತ್ಬಿಟ್ಟಿದೆ, ಅಷ್ಟೇ. ನಿನ್ನ ಮೇಲೇನೂ ಇಲ್ಲ. ಈ ಸಲ ಬೇಟೆಗೆ ನಿನ್ನದನ್ನೇ ತಗೊಂಡು ಹೋಗ್ತೀನಿ. ಬೇರೆ ಒಂದೂ ಒಯ್ಯಲ್ಲ."

"ಆಣೆ ಇಡು."

"ಅಪ್ಪನ ಆಣೆ. ಸಾಕಾ?"

ಫೋನ್ ಇಟ್ಟವಳೇ ದೊಡ್ಡ ಕೋವಿಯ ಮದ್ದಿನ ಡಬ್ಬಿ ಇಳಿಸಿದೆ. ಬಾಕಿ ಕೆಲಸ ಸುತ್ತಿಟ್ಟೆ. ಇವತ್ತೇ ಶುರು. ಕಣ್ಣೀರು ಬಂತೇನೋ, ಕನ್ನಡಕ ಎರಡು ಸಲ ಒರೆಸಿದೆ. ಅರವತ್ತನಾಲ್ಕು ವರ್ಷದವಳಿಗೆ ಇದೆಲ್ಲಾ ಬೇಕಾ.

ಸೆಪ್ಟೆಂಬರ್ 16, ಸೋಮವಾರ

ನಲವತ್ತು ಮುಗಿಯಿತು. ಮೊದಲ ಇಪ್ಪತ್ತು ಲೋವೆಲನಿಗೆ. ಮನಸ್ಸು ಚುರುಕಾಗಿರುವಾಗ ಅವನದ್ದು ಮುಗಿಸಬೇಕು ಅಂತ. ಆಮೇಲಿನ ಇಪ್ಪತ್ತು ನನಗೆ, ಮಂಡಿ ಮನಸ್ಸು ಬದಲಾಯಿಸಿದರೆ ಇರಲಿ.

ಪ್ರತಿಯೊಂದರ ಮದ್ದನ್ನೂ ಎರಡು ಸಲ ತೂಗಿದೆ. ಮದ್ದು ಅಂದರೆ ಕಪ್ಪು ಕಡ್ಡಿಚೂರು; ಒಂದು ಕಡ್ಡಿ ಹೆಚ್ಚಿಲ್ಲ, ಒಂದು ಕಡ್ಡಿ ಕಮ್ಮಿಯಿಲ್ಲ. ಹತ್ತು ವರ್ಷದ ಹಳೆಯ ಅಳತೆ, ಹಾರಿಸಿ ನೋಡುವ ಅಗತ್ಯವೇ ಇಲ್ಲ. ಅಂಗಡಿಯವರು ಇಷ್ಟು ಕಾಳಜಿ ಮಾಡುತ್ತಾರಾ? ಮಾಡಲಿ ನೋಡೋಣ.

ಸೆಪ್ಟೆಂಬರ್ 22, ಭಾನುವಾರ

ಬಾಕ್ಸ್ ಕೊಟ್ಟು ಬಂದೆ. ಲೋವೆಲ್ ನನ್ನೆದುರಿಗೇ ಟೇಪು ಕಿತ್ತ. ಅವನ ಹೆಂಡತಿ ಮಾರ್ಲಿಸ್ ಒಲೆಯ ಹತ್ತಿರದಿಂದ, "ಅಬ್ಬಾ, ಇನ್ನಾದ್ರೂ ಈ ಮನೇಲಿ ಶಾಂತಿ ಇರುತ್ತೆ" ಅಂದಳು. ಈ ಸಲ ಪೈ ತಿಂದು ಬಂದೆ.

ಅಕ್ಟೋಬರ್ 13, ಭಾನುವಾರ

ಲೋವೆಲ್ ಗುರಿ ಸರಿಮಾಡಿಕೊಳ್ಳಲು ಮೈದಾನಕ್ಕೆ ಹೋಗಿದ್ದನಂತೆ. "ಮೂರು ಹಾರ್ಸಿದೆ ಅಕ್ಕಾ. ಮೂರೂ ಒಂದೇ ಕಡೆ. ಮೇಲೊಂದು ನಾಣ್ಯ ಇಟ್ರೆ ಮುಚ್ಚಿಹೋಗುತ್ತೆ." ಅವನ ಬಾಯಿಂದ ಇದನ್ನು ಕೇಳಲು ಹನ್ನೊಂದು ವರ್ಷ ಬೇಕಾಯಿತು.

ಇಡೀ ದಿನ ಮಂಡಿ ನೋಯಲಿಲ್ಲ.

ಅಕ್ಟೋಬರ್ 24, ಗುರುವಾರ. ಮಧ್ಯಾಹ್ನ 3:00

ಬರೆದರೆ ತಲೆ ನೆಟ್ಟಗಾದೀತು.

ಅಳಿಲಿನ ತೋಟಾ ಬಾಕಿಯಿತ್ತಲ್ಲ, ಮುಗಿಸೋಣ ಅಂತ ಚಿಕ್ಕ ಕೋವಿಯ ಮದ್ದಿನ ಡಬ್ಬಿ ಎತ್ತಿದೆ. ಹಗುರ. ತೂಗಿದೆ. ಆರು ಔನ್ಸ್ ಕಮ್ಮಿ. ಮದ್ದಿಗೆ ಕಾಲು ಬರುತ್ತದೆಯೇ? ದೊಡ್ಡ ಕೋವಿಯ ಡಬ್ಬಿ ತೂಗಿದೆ. ನಲವತ್ತು ತುಂಬಿದ ಮೇಲೆ ಎಷ್ಟಿರಬೇಕೋ ಅದಕ್ಕಿಂತ ಆರು ಔನ್ಸ್ ಹೆಚ್ಚು.

ಸೆಪ್ಟೆಂಬರ್ 15. ಅವನ ಫೋನ್. ಮದ್ದು ಅಳೆದು ಸುರಿಯುವ ಪಾತ್ರೆಯಲ್ಲಿ ಚಿಕ್ಕ ಕೋವಿಯ ಮದ್ದು ಉಳಿದಿತ್ತು. ಅದನ್ನು ವಾಪಸ್ ಡಬ್ಬಿಗೆ ಸುರಿದೆ. ಅಷ್ಟರಲ್ಲಿ ಇನ್ನೊಂದು ಡಬ್ಬಿಯನ್ನೂ ಮೇಜಿಗೆ ತಂದಿಟ್ಟಿದ್ದೆ, ಖುಷಿಯಲ್ಲಿ. ಮೇಜಿನ ಮೇಲೆ ಯಾವಾಗಲೂ ಒಂದೇ ಡಬ್ಬಿ ಇರಬೇಕು. ಒಂದೇ. ಅಪ್ಪ ಹೇಳಿಕೊಟ್ಟ ಮೊದಲ ಪಾಠ. ಎರಡಿಟ್ಟೆ. ತಪ್ಪಾದ ಡಬ್ಬಿಗೆ ಸುರಿದೆ. ಎರಡೂ ಕಪ್ಪು ಕಡ್ಡಿ, ಎರಡೂ ನೋಡಲು ಒಂದೇ.

ಒಂದೇ ಅಲ್ಲ. ಚಿಕ್ಕ ಕೋವಿಯ ಮದ್ದಿನ ಕಡ್ಡಿ ಒಂದಿಷ್ಟು ಗಿಡ್ಡ, ಭಗ್ಗನೆ ಉರಿಯುವಂಥದ್ದು. ಅದನ್ನು ದೊಡ್ಡ ತೋಟಾದ ತುಂಬ ಹಾಕಿದರೆ ಗುಂಡು ಹೊರಗೆ ಹೋಗುವ ಮೊದಲೇ ಕೋವಿ ಸೀಳುತ್ತದೆ. ಕೆನ್ನೆಯ ಪಕ್ಕದಲ್ಲಿ.

ತೂಕ ಸರಿಯಿತ್ತು. ಎರಡೆರಡು ಸಲ ತೂಗಿದ್ದೆ. ತೂಗಿದ್ದೇ ಬೇರೆ ಮದ್ದು. ಎಂಥಾ ಕತ್ತೆ ನಾನು.

4:10

ನನ್ನ ಪಾಲಿನ ಇಪ್ಪತ್ತರಲ್ಲಿ ಐದನ್ನು ಸುತ್ತಿಗೆಯಂಥ ಗುಂಡು ಕೀಳುವ ಸಾಧನದಲ್ಲಿ ಹಾಕಿ ಬಡಿದು ಬಿಚ್ಚಿದೆ. ಭೂತಗನ್ನಡಿ ಹಿಡಿದು ನೋಡಿದೆ. ಗಿಡ್ಡ ಕಡ್ಡಿ. ಐದರಲ್ಲೂ ಹೆಚ್ಚು ಪಾಲು ಗಿಡ್ಡ ಕಡ್ಡಿಯೇ. ಮೇಲಿಂದ ಸುರಿದದ್ದು ಮೊದಲು ಖರ್ಚಾಗಿರುತ್ತದೆ. ಮೊದಲು ತುಂಬಿದ್ದು ಲೋವೆಲನದ್ದು. ಅವನ ಇಪ್ಪತ್ತರಲ್ಲಿ ಬೇರೇನೂ ಇರಲಾರದು.

ಮೊದಲು ಅವನದ್ದು ಮುಗಿಸಬೇಕು ಅಂತ. ಪ್ರೀತಿಯಂತೆ.

4:25

ಲೋವೆಲ್ ಫೋನ್ ಎತ್ತಲಿಲ್ಲ. ಮಾರ್ಲಿಸ್ ಎತ್ತಿದಳು. ಓರಿನ್ ಜೊತೆ ಮಧ್ಯಾಹ್ನವೇ ಹೊರಟನಂತೆ. ಓರಿನ್ ಅಂದರೆ ಅವನ ಹಳೆಯ ಬೇಟೆ ಜೊತೆಗಾರ, ಅವರಿಬ್ಬರದ್ದೂ ಪ್ರತಿವರ್ಷ ಅದೇ ಮೇಲಿನ ಕಣಿವೆ. ಅಲ್ಲಿ ಫೋನ್ ಸಿಗುವುದಿಲ್ಲ.

"ಯಾವ ತೋಟಾ ಒಯ್ದ?"

"ನಿನ್ನದೇ ಕಣೇ. ನಿನ್ನ ಅಕ್ಷರದ ಚೀಟಿ ಇತ್ತಲ್ಲಾ ಬಾಕ್ಸ್ ಮೇಲೆ. ನಾನೇ ಚೀಲಕ್ಕೆ ಹಾಕಿದೆ. ಯಾಕೆ, ಮತ್ತೆ ಪರೀಕ್ಷೆ ಮಾಡ್ತಿದೀಯಾ ಅವನ್ನ?"

ಹೇಳಿದೆ. ಆಮೇಲೆ, "ಆರ್ಡಿಸ್, ಅವನು ಬೇಡ ಅಂತಿದ್ನಲ್ಲೇ. ನೀನು ಬಿಡ್ಲಿಲ್ಲ" ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

4:50

ಒಂದು ವಿಷಯ ತಲೆಯಲ್ಲಿ ಸುತ್ತುತ್ತಿದೆ. ಮೈದಾನದಲ್ಲಿ ಮೂರು ಹಾರಿಸಿದೆ ಅಂದನಲ್ಲ. ನಿಜವಾಗಿ ನನ್ನದನ್ನೇ ಹಾರಿಸಿದ್ದರೆ ಅವನು ಫೋನ್ ಮಾಡಿ ಹೇಳುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ. ಹಾಗಾದರೆ ಸುಳ್ಳು ಹೇಳಿದ. ದೇವರೇ, ಸುಳ್ಳೇ ಆಗಿರಲಿ. ಬೆಟ್ಟದಲ್ಲೂ ಸುಳ್ಳು ಹೇಳಲಿ. ಹನ್ನೊಂದು ವರ್ಷ ಮಾಡಿದ್ದನ್ನೇ ಮಾಡಲಿ.

ಆದರೆ ಆಣೆ ಇಟ್ಟಿದ್ದಾನೆ. ನಾನೇ ಇಡಿಸಿದೆ. ಚೀಲದಲ್ಲಿರುವುದು ನನ್ನ ಬಾಕ್ಸ್.

ಅರಣ್ಯ ಕಚೇರಿಗೆ ಫೋನ್ ಮಾಡಿದೆ. ಹುಡುಗಿಯೊಬ್ಬಳು ಎಲ್ಲಾ ಬರೆದುಕೊಂಡಳು. ಆ ಕಡೆ ಯಾರಾದರೂ ಹೋದರೆ ತಿಳಿಸುತ್ತಾರಂತೆ. ಹೋದರೆ. ಬೇಟೆ ಶುರುವಾಗುವುದು ಶನಿವಾರ ಬೆಳಿಗ್ಗೆ. ನಾನೇ ಹೋಗಬೇಕು.

ಅಕ್ಟೋಬರ್ 25, ಶುಕ್ರವಾರ. 11:30

ಬೆಳಗಿನ ಜಾವವೇ ಹೊರಟರೂ ಏನು ಪ್ರಯೋಜನ. ಹಿಮ ಬಿದ್ದಿದೆ. ಚಕ್ರಕ್ಕೆ ಸರಪಳಿ ಕಟ್ಟಲು ಒಂದು ಗಂಟೆ, ಕಟ್ಟಿದ್ದು ತಿರುಚಿಕೊಂಡು ಬಿಚ್ಚಿ ಮತ್ತೆ ಕಟ್ಟಲು ಇನ್ನೊಂದು ಗಂಟೆ. ಈಗ ಆರನೆಯ ಮೈಲಿಯಲ್ಲಿ ರಸ್ತೆಗೆ ಅಡ್ಡ ಮರ. ಗರಗಸ ತಂದಿಲ್ಲ. ತೋಟಾ ತುಂಬಲು ಸಾವಿರ ಸಾಮಾನು ಇದೆ, ಗರಗಸ ಮನೆಯಲ್ಲಿದೆ.

ಮರವನ್ನು ಒದ್ದೆ. ಮಂಡಿಗೆ ತಗುಲಿತು.

2:45

ಟ್ರಕ್ಕಿನಲ್ಲಿ ಕುದುರೆ ಒಯ್ಯುತ್ತಿದ್ದವನೊಬ್ಬ ಬಂದು ಮರ ಕೊಯ್ದು ದಾರಿ ಮಾಡಿದ. ಉಪಕಾರ ಮಾಡಿದವನಿಗೆ ಕಾರಣ ಹೇಳದಿರಲಾಗಲಿಲ್ಲ. ಕೇಳಿ ಗಡ್ಡ ಕೆರೆದುಕೊಂಡ.

"ನಿಮ್ಮ ತಮ್ಮನಿಗೆ ಬುದ್ಧಿ ಇಲ್ವೇನಮ್ಮಾ? ಇನ್ನೊಬ್ರು ತುಂಬಿದ್ದನ್ನ ಯಾರಾದ್ರೂ ಹಾರಿಸ್ತಾರಾ?"

"ಅವನಿಗೆ ಬುದ್ಧಿ ಇತ್ತು. ನಾನು ಬಿಡಿಸಿದೆ."

ಗರಗಸ ಟ್ರಕ್ಕಿಗೆ ಹಾಕಿಕೊಂಡ. ಬೇರೆ ಕಣಿವೆಗೆ ಹೋಗುವವನು. ಅವನ ಕುದುರೆಯೂ ಅವನೊಂದಿಗೆ ಹೋಯಿತು.

7:40

ರಸ್ತೆ ಮುಗಿಯಿತು. ಲೋವೆಲನ ಟ್ರಕ್ ಇಲ್ಲೇ ನಿಂತಿದೆ, ಮೇಲೆ ಹಿಮ. ಇಲ್ಲಿಂದ ಕಾಲುದಾರಿ, ನಾಲ್ಕು ಮೈಲಿ ಏರು. ಅರ್ಧ ಮೈಲಿ ಹೋದೆ. ಕತ್ತಲಾಯಿತು, ಹೆಜ್ಜೆ ಕಾಣುತ್ತಿಲ್ಲ, ಜಾರಿ ಬಿದ್ದೆ. ಇಲ್ಲಿ ಕಾಲು ಮುರಿದುಕೊಂಡರೆ ಅವನಿಗೆ ಹೇಳುವವರು ಯಾರೂ ಇಲ್ಲ. ವಾಪಸ್ ಬಂದು ಗಾಡಿಯಲ್ಲಿ ಕೂತೆ. ಗಾಡಿಯ ಹಾರ್ನ್ ಹತ್ತು ನಿಮಿಷ ಒತ್ತಿದೆ. ಯಾರಿಗೆ ಕೇಳುತ್ತದೆ.

ಅಕ್ಟೋಬರ್ 26, ಶನಿವಾರ. ಬೆಳಿಗ್ಗೆ 7:55

ಬಿದ್ದ ಮರದ ಮೇಲೆ ಕೂತಿದ್ದೇನೆ. ಒಂದೂವರೆ ಮೈಲಿ ಆಗಿರಬಹುದು. ಐದು ನಿಮಿಷದ ಹಿಂದೆ ಮೇಲುಗಡೆ ಈಡಿನ ಸದ್ದು. ಒಂದೇ ಒಂದು.

ಕೋವಿ ಸೀಳಿದರೆ ಸದ್ದು ಬೇರೆ ಥರ ಇರುತ್ತದೆಯೇ? ಐವತ್ತು ವರ್ಷ ಕೋವಿ ಹಿಡಿದಿದ್ದೇನೆ, ಗೊತ್ತಿಲ್ಲ. ಅವನದ್ದೇ ಅಂತ ಏನಿದೆ. ಬೆಟ್ಟದ ತುಂಬ ಬೇಟೆಗಾರರು. ಏಳು ಆರ್ಡಿಸ್.

9:20

ಇನ್ನೂ ಎರಡು ಕೇಳಿದೆ, ದೂರದಲ್ಲಿ. ಮಂಡಿ ಬಾತಿದೆ. ಐವತ್ತು ಹೆಜ್ಜೆ ನಡೆಯುವುದು, ನಿಲ್ಲುವುದು. ಇನ್ನು ಮೇಲೆ ಕೂಗುತ್ತಾ ಹೋಗುತ್ತೇನೆ. ಎಲ್ಲರ ಬೇಟೆ ಹಾಳಾದರೆ ಹಾಳಾಗಲಿ.

ಸಂಜೆ 4:00, ಅವರ ಡೇರೆಯಲ್ಲಿ

ಬದುಕಿದ್ದಾನೆ. ಮೊದಲು ಅದನ್ನು ಬರೆದುಬಿಡುತ್ತೇನೆ. ಎರಡು ಕಣ್ಣು, ಎರಡು ಕೈ, ಎಲ್ಲಾ ಇದೆ. ಹೊರಗೆ ಓರಿನ್ ಜೊತೆ ಮಾಂಸ ತೂಗುಹಾಕುತ್ತಿದ್ದಾನೆ.

ನಡೆದದ್ದು ಇಷ್ಟು. ಹನ್ನೊಂದರ ಸುಮಾರಿಗೆ, ಗಂಟಲು ಪೂರ್ತಿ ಕಟ್ಟಿಹೋಗಿದ್ದಾಗ, ಮೇಲಿನ ಪೊದೆಯಿಂದ ಲೋವೆಲ್ ದಡದಡ ಇಳಿದು ಬಂದ. ಕೋವಿ ಕೈಯಲ್ಲಿ. ಮುಖ ಕೆಂಪು.

"ಯಾರಪ್ಪಾ ಕಾಡೆಲ್ಲಾ ಕಿರುಚ್ಕೊಂಡು ಬರ್ತಿರೋದು ಅಂದ್ರೆ ನೀನಾ? ನಾಲ್ಕು ಕವಲು ಕೊಂಬಿನ ಗಂಡು ಜಿಂಕೆ ಕಣೇ. ಎದೆ ಕಾಣ್ತಿತ್ತು. ಕೋವಿಯ ಕುದುರೆ ಮೇಲೆ ಬೆರಳಿಟ್ಟಿದ್ದೆ. ನಿನ್ನ ಗಂಟಲು ಕೇಳಿ ಹಾರಿಹೋಯ್ತು."

ಅವನ ತೋಳು ಮುಟ್ಟಿ ನೋಡಿದೆ. ಓರಿನ್ ಹಿಂದಿನಿಂದ ಬಂದು, "ಬೆಳಿಗ್ಗೆ ಎಲ್ಕ್ ಹೊಡ್ದ ನಿಮ್ಮ ತಮ್ಮ, ಒಂದೇ ಈಡು. ಅಕ್ಕನ ತೋಟಾ ಅಂತ ಆಗ್ಲಿಂದ ಒಂದೇ ಸಮ ಹೊಗಳ್ತಿದ್ದಾನೆ" ಅಂದ.

ಅಲ್ಲೇ ಹಿಮದ ಮೇಲೆ ಕೂತು ಹೇಳಿದೆ. ಎರಡು ಡಬ್ಬಿ, ಸುರಿದದ್ದು, ಗಿಡ್ಡ ಕಡ್ಡಿ, ಎಲ್ಲಾ. ಓರಿನ್ ಟೋಪಿ ತೆಗೆದ. ಲೋವೆಲನ ಮುಖದ ಕೆಂಪು ಇಳಿಯುತ್ತಾ ಹೋಯಿತು.

"ಎಲ್ಕ್ ಹೊಡೆದದ್ದು ನಿಂದಲ್ಲ ಅಕ್ಕಾ" ಅಂದ. "ಅಂಗಡೀದು. ಮೈದಾನದಲ್ಲಿ ಹಾರಿಸಿದ್ದೂ ಅಂಗಡೀದೇ. ಜೇಬಲ್ಲಿ ಇಟ್ಕೊಂಡಿದ್ದೆ. ನಿಂಗೆ ಗೊತ್ತಾಗೋದು ಬೇಡ ಅಂತ…"

ಅಷ್ಟು ಸಂತೋಷ ಜನ್ಮದಲ್ಲಿ ಆಗಿರಲಿಲ್ಲ. ಸುಳ್ಳ, ಸುಳ್ಳ ಅಂತ ಅವನ ಎದೆಗೆ ಗುದ್ದಿದೆ. ನಗುತ್ತಿದ್ದೆ. ಅವನು ನಗಲಿಲ್ಲ.

"ನನ್ನವು ಎಲ್ಲಿ?" ಅಂದೆ. ಚೀಲದಿಂದ ಬಾಕ್ಸ್ ತೆಗೆದುಕೊಟ್ಟ. ಎಣಿಸಿದೆ. ಹತ್ತೊಂಬತ್ತು. ಮತ್ತೆ ಎಣಿಸಿದೆ. ಹತ್ತೊಂಬತ್ತು.

"ಇನ್ನೊಂದು?"

ಅವನು ಕೈಯಲ್ಲಿದ್ದ ಕೋವಿ ನೋಡಿದ. "ಎಲ್ಕ್ ಬಿದ್ದ ಮೇಲೆ ಓರಿನ್ ಮುಂದೆ ಸುಳ್ಳು ಹೇಳ್ದೆ. ನಾಚ್ಕೆ ಆಯ್ತು. ಆಣೆ ಬೇರೆ ಇಟ್ಟಿದ್ದೆ. ಜಿಂಕೆನಾದ್ರೂ ನಿಂದ್ರಲ್ಲೇ ಹೊಡೆಯೋಣ ಅಂತ…"

ಕೋವಿಯನ್ನು ಅವನ ಕೈಯಿಂದ ತೆಗೆದುಕೊಂಡೆ. ಬಾಯಿ ಆ ಕಡೆ ತಿರುಗಿಸಿ ಚಿಲಕ ಎಳೆದೆ. ಒಳಗಿಂದ ಬಂದು ಹಿಮದ ಮೇಲೆ ಬಿದ್ದದ್ದು ನನ್ನ ತೋಟಾ.

ಎತ್ತಿ ಬಾಕ್ಸಿಗೆ ಹಾಕಿದೆ, ಇಪ್ಪತ್ತಾಯಿತು. ಆಮೇಲೆ ಓರಿನ್ ಕಾಫಿ ಕಾಯಿಸಲು ಹೋದ.

"ನಿಂದು ಅಂತ ಕೋವಿಗೆ ಹಾಕಿದ್ದು ಇದೇ ಮೊದ್ಲು ಅಕ್ಕಾ" ಅಂದ ಲೋವೆಲ್. ಬೈಯಲಿಲ್ಲ. ಬೈಯಬೇಕಿತ್ತು.

ಅಕ್ಟೋಬರ್ 28, ಸೋಮವಾರ

ನನ್ನ ಪಾಲಿನ ಉಳಿದ ಹದಿನೈದು, ಅವನ ಇಪ್ಪತ್ತು. ಎಲ್ಲವನ್ನೂ ಬಡಿದು ಬಿಚ್ಚಿದೆ. ಒಂದಕ್ಕೆ ನಾಲ್ಕೈದು ಏಟು. ಮಣಿಕಟ್ಟು ಊದಿದೆ. ಅವನ ಇಪ್ಪತ್ತರಲ್ಲೂ ಗಿಡ್ಡ ಕಡ್ಡಿ ಬಿಟ್ಟರೆ ಬೇರೇನೂ ಇಲ್ಲ. ಎರಡೂ ಡಬ್ಬಿಯ ಮದ್ದನ್ನು ಹಿತ್ತಲಲ್ಲಿ ತೆಳ್ಳಗೆ ಹರಡಿ ಸುಟ್ಟೆ.

ಪ್ರೆಸ್ಸಿಗೆ ಬಟ್ಟೆ ಹೊದಿಸಿದೆ. ಸಾಕು ಈ ಹವ್ಯಾಸ.

ನವೆಂಬರ್ 5, ಮಂಗಳವಾರ

ಲೋವೆಲ್ ಬಂದಿದ್ದ. ಎಲ್ಕ್ ಮಾಂಸದ ಪೊಟ್ಟಣ ತಂದಿದ್ದ. ನನ್ನ ನೆಲಮಾಳಿಗೆಗೆ ಇಳಿದು ಪ್ರೆಸ್ಸಿನ ಮೇಲಿನ ಬಟ್ಟೆ ತಾನೇ ಎಳೆದು ಹಾಕಿದ.

"ಜಿಂಕೆ ಪರವಾನಗಿ ಇನ್ನೂ ಬಾಕಿ ಇದೆ. ಇಪ್ಪತ್ತು ತುಂಬಿಕೊಡು. ಶನಿವಾರ ಬಂದು ತಗೊಂಡು ಹೋಗ್ತೀನಿ."

"ತಲೆ ಕೆಟ್ಟಿದೆಯಾ ನಿಂಗೆ?"

"ನಾಲ್ಕು ಮೈಲಿ ಬೆಟ್ಟ ಹತ್ತಿ ಬಂದು ತಪ್ಪು ಒಪ್ಕೊಂಡವಳು ನೀನು. ಆ ಕಾಲಲ್ಲಿ. ಇನ್ಯಾರದ್ದನ್ನ ನಂಬ್ಲಿ ನಾನು? ಈ ಸಲ ಸುಳ್ಳಿಲ್ಲ ಅಕ್ಕಾ. ನಿಂದನ್ನೇ ಹಾರಿಸ್ತೀನಿ."

ಅವನ ಕಣ್ಣಿನಲ್ಲಿ ತಮಾಷೆ ಇರಲಿಲ್ಲ. ಬೇಡ ಅಂದೆ. ಕೇಳಲಿಲ್ಲ. ನನ್ನಷ್ಟೇ ಹಟಮಾರಿ.

ನವೆಂಬರ್ 7, ಗುರುವಾರ

ಹೊಸ ಡಬ್ಬಿ ತಂದೆ, ಸೀಲು ಒಡೆಯದ್ದು. ಮೇಜಿನ ಮೇಲೆ ಅದೊಂದೇ. ಇಡೀ ನೆಲಮಾಳಿಗೆಯಲ್ಲಿ ಅದೊಂದೇ. ಇಪ್ಪತ್ತು ತುಂಬಿದೆ. ಸಂಜೆ ಒಂದನ್ನು ನೋಡಿ ಯಾಕೋ ಅನುಮಾನ ಬಂತು. ಬಿಚ್ಚಿದೆ. ಸರಿಯಿತ್ತು. ಇಪ್ಪತ್ತನ್ನೂ ಬಿಚ್ಚಿದೆ. ಎಲ್ಲಾ ಸರಿಯಿತ್ತು.

ನವೆಂಬರ್ 8, ಶುಕ್ರವಾರ

ಮತ್ತೆ ತುಂಬಿದೆ. ಮೈದಾನಕ್ಕೆ ಒಯ್ದು ಐದು ಹಾರಿಸಿದೆ, ನನ್ನ ಕೋವಿಯಲ್ಲಿ, ನನ್ನ ಕೆನ್ನೆಗೆ ಒತ್ತಿ. ಐದೂ ಚೆನ್ನಾಗಿ ಹೋದವು. ಮನೆಗೆ ಬಂದು ಉಳಿದ ಹದಿನೈದನ್ನು ಬಿಚ್ಚಿದೆ. ಹಾರಿಸಿದ ಐದು ಸರಿಯಿದ್ದರೆ ಉಳಿದದ್ದೂ ಸರಿಯಿರಬೇಕು ಅಂತ ಏನಿದೆ.

ಹನ್ನೊಂದು ವರ್ಷ ಇದನ್ನೇ ಬೇಡಿದೆ. ನನ್ನ ತಮ್ಮ ನನ್ನ ಕೈಯ ತೋಟಾ ನಂಬಲಿ ಅಂತ. ನಂಬಿದ್ದಾನೆ. ಈಗ ನನಗೇ ಬೇಡವಾಗಿದೆ. ಅವನಿಗೆ ನಂಬಿಕೆ ಬಂದ ಹೊತ್ತಿಗೆ ನನ್ನದು ಹೋಯಿತು.

ನವೆಂಬರ್ 9, ಶನಿವಾರ. 9:50

ಬೆಳಿಗ್ಗೆ ಆರರಿಂದ ಕೂತು ಮೂರನೆಯ ಸಲ ತುಂಬಿದೆ. ಇಪ್ಪತ್ತು. ಮೂರು ಮೂರು ಸಲ ತೂಗಿದೆ. ಚೀಟಿ ಬರೆದೆ. ಟೇಪು ಸುತ್ತಿದೆ. ಬಿಚ್ಚಿ ಮತ್ತೊಮ್ಮೆ ನೋಡಿದೆ.

ಹೊರಗೆ ಟ್ರಕ್ ನಿಂತಿತು. "ಅಕ್ಕಾ, ರೆಡಿನಾ?" ಅಂತ ಕೂಗುತ್ತಿದ್ದಾನೆ. ಮೆಟ್ಟಿಲು ಇಳಿಯುತ್ತಿದ್ದಾನೆ. ಬಾಕ್ಸ್ ಕೈಯಲ್ಲಿದೆ. ಎಲ್ಲಾ ಸರಿಯಿದೆ. ಎಲ್ಲಾ ಸರಿಯಿದೆ. ಆದರೆ ಹೋದ ಸಲವೂ ನಾನು ಹೀಗೆಯೇ ಅಂದುಕೊಂಡು…